ಗುಬ್ಬಿ ಕಂಪನಿಯ ಬಿ. ಜಯಮ್ಮ: ರಂಗಗಾಯನದಿಂದ ಚಲನಚಿತ್ರದವರೆಗೆ

ಕನ್ನಡ ವೃತ್ತಿರಂಗಭೂಮಿಯ ಚರಿತ್ರೆಯಲ್ಲಿ ಬಿ. ಜಯಮ್ಮನವರು (1915–1988) ನಾಟಕರತ್ನ ಗುಬ್ಬಿ ವೀರಣ್ಣನವರ ಪತ್ನಿಯಾಗಿ ಪ್ರಸ್ತಾಪಗೊಳ್ಳುತ್ತಾರೆ; ಚಲನಚಿತ್ರ ಚರಿತ್ರೆಯಲ್ಲಿ ಆರಂಭಕಾಲದ ನಟಿಯರ ಯಾದಿಯಲ್ಲಿ ಬರುತ್ತಾರೆ. ಈ ಎರಡು ಚರಿತ್ರೆಗಳ ನಡುವೆ ಗಾಯಕಿ ಜಯಮ್ಮ ಮರೆಯಾಗಿದ್ದಾರೆ. ಹಾಡುವ ಕಂಠ ಮತ್ತು ಅಭಿನಯಿಸುವ ದೇಹ ಒಂದೇ ವ್ಯಕ್ತಿಯಲ್ಲಿ ಕೂಡಿದ್ದ ಕಾಲದಿಂದ, ಅವೆರಡೂ ಬೇರೆಯಾದ ಕಾಲದವರೆಗೆ ಅವರ ವೃತ್ತಿಜೀವನ ಹಬ್ಬಿದೆ. ಆ ಬೇರ್ಪಡೆಯ ಪರಿಣಾಮವನ್ನು ಅರಿಯಲು ಅವರ ಬದುಕು ಮುಖ್ಯ ಆಕರವಾಗುತ್ತದೆ.

ಊರ್ಡಿಗೆರೆ, ಬೆಳ್ಳಾವಿಗಳಿಂದ ಗುಬ್ಬಿ, ತಿಪಟೂರುಗಳವರೆಗಿನ ಸೀಮೆ ಮೂಡಲಪಾಯ ಯಕ್ಷಗಾನದ ಸೀಮೆ. ಈ ಬಯಲಾಟದಲ್ಲಿ ಹಾಡಿನ ಮುಖ್ಯ ಹೊಣೆ ಭಾಗವತ ಮತ್ತು ಹಿಮ್ಮೇಳದ್ದು. ಕುಣಿತ ಮತ್ತು ಮಾತಿನ ಹೊಣೆ ಪಾತ್ರಧಾರಿಯದು. ಸ್ತ್ರೀವೇಷವನ್ನು ಗಂಡಸರೇ ಕಟ್ಟುತ್ತಿದ್ದರು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಇದೇ ನೆಲದಲ್ಲಿ ಬೆಳೆದರೂ ಅದರ ಕ್ರಮ ಭಿನ್ನವಾಗಿತ್ತು. ಪಾತ್ರಧಾರಿ ತನ್ನ ಹಾಡನ್ನು ತಾನೇ ಹಾಡಬೇಕೆಂಬುದು ಕಂಪನಿ ನಾಟಕದ ಮೂಲ ನಿಯಮ. ಬಾಲಕಲಾವಿದರಾಗಿ ಈ ಕಂಪನಿಯನ್ನು ಸೇರಿ ಮುಂದೆ ಅದರ ಒಡೆಯರಾದ ವೀರಣ್ಣನವರು ಸ್ತ್ರೀಪಾತ್ರಗಳಿಗೆ ಸ್ತ್ರೀಯರನ್ನೇ ತಂದರು. ಇದನ್ನು ಸಾಮಾನ್ಯವಾಗಿ ಸಾಮಾಜಿಕ ಸುಧಾರಣೆಯೆಂದು ವರ್ಣಿಸಲಾಗುತ್ತದೆ. ಆದರೆ ಅದು ಗಾಯನದ ಚರಿತ್ರೆಯಲ್ಲೂ ಒಂದು ತಿರುವು: ಸ್ತ್ರೀಪಾತ್ರದ ಹಾಡಿಗೆ ಸ್ತ್ರೀಕಂಠ ದೊರೆತದ್ದು ಆಗಲೇ.

ಚಿಕ್ಕಮಗಳೂರಿನಲ್ಲಿ ಜನಿಸಿದ ಜಯಮ್ಮ ಎಳೆಯ ವಯಸ್ಸಿನಲ್ಲೇ ಈ ಕಂಪನಿಯ ಕಲಾವಿದೆಯಾದರು. ಧ್ವನಿವರ್ಧಕವಿಲ್ಲದ ಥಿಯೇಟರಿನಲ್ಲಿ ಹಾರ್ಮೋನಿಯಂ ಶ್ರುತಿಗೆ ಸೇರಿಸಿ, ನೆಲದ ಮೇಲೆ ಕುಳಿತವರಿಂದ ಹಿಂದಿನ ಸಾಲಿನವರೆಗೆ ಪ್ರತಿಯೊಂದು ಅಕ್ಷರವೂ ಕೇಳುವಂತೆ ಹಾಡಬೇಕಿತ್ತು. ‘ಒನ್ಸ್ ಮೋರ್’ ಕೂಗು ಬಂದರೆ ಸನ್ನಿವೇಶದ ಭಾವ ಕೆಡದಂತೆ ಅದೇ ಹಾಡನ್ನು ಮತ್ತೆ ಎತ್ತಿಕೊಳ್ಳಬೇಕಿತ್ತು. ರಾಗದ ವಿಸ್ತಾರಕ್ಕಿಂತ ಸಾಹಿತ್ಯದ ಸ್ಪಷ್ಟತೆಗೂ ಸಂದರ್ಭದ ಭಾವಕ್ಕೂ ಇಲ್ಲಿ ಹೆಚ್ಚಿನ ಬೆಲೆ. ಹೀಗಾಗಿ ರಂಗಗಾಯನವನ್ನು ಶಾಸ್ತ್ರೀಯ ಸಂಗೀತದ ಕೆಳದರ್ಜೆಯ ರೂಪವೆಂದು ಅಳೆಯುವುದು ಸರಿಯಲ್ಲ. ಅದು ತನ್ನದೇ ನಿಯಮಗಳುಳ್ಳ ಸ್ವತಂತ್ರ ಕಲೆ.

ಇಂಥ ಗಾಯಕಿಯ ಮೊದಲ ಚಿತ್ರಾನುಭವ ಮೂಕಿಯಾಗಿತ್ತೆಂಬುದು ವಿಶೇಷ. 1930ರ ಆಸುಪಾಸಿನಲ್ಲಿ ವೀರಣ್ಣನವರು ಬೆಂಗಳೂರಿನಲ್ಲಿ ಮೂಕಿಚಿತ್ರಗಳ ನಿರ್ಮಾಣಕ್ಕೆ ಕೈಹಾಕಿದರು. ಬೆಲ್ಜಿಯಂನ ರಾಫೆಲ್ ಅಲ್ಗೋಟ್ ನಿರ್ದೇಶಿಸಿದ ‘ಹಿಸ್ ಲವ್ ಅಫೇರ್’ ಚಿತ್ರದಲ್ಲಿ ವೀರಣ್ಣನವರೊಂದಿಗೆ ಜಯಮ್ಮ ನಟಿಸಿದರು. ಸಿನಿಮಾ ಮೊದಲಿಗೆ ಅವರ ಮುಖವನ್ನಷ್ಟೇ ಸ್ವೀಕರಿಸಿತು, ಕಂಠವನ್ನು ಹೊರಗಿಟ್ಟಿತು.

1934ರ ‘ಸತಿ ಸುಲೋಚನ’ದೊಂದಿಗೆ ಕನ್ನಡ ಚಿತ್ರ ಮಾತನಾಡತೊಡಗಿದಾಗ ಪರಿಸ್ಥಿತಿ ಬದಲಾಯಿತು. ಆ ಚಿತ್ರಕ್ಕೆ ಸಂಭಾಷಣೆ ಮತ್ತು ಹಾಡುಗಳನ್ನು ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಗುಬ್ಬಿ ಕಂಪನಿಗೂ ನಾಟಕ ಬರೆದವರು. ತುಮಕೂರು ಸೀಮೆಯ ರಂಗಭೂಮಿಯಲ್ಲಿ ಪಳಗಿದ ಮಾತು ಮತ್ತು ಹಾಡಿನ ಕ್ರಮವೇ ತೆರೆಗೂ ಬಂದಿತೆಂಬುದಕ್ಕೆ ಇದು ನಿದರ್ಶನ. ಜಯಮ್ಮನವರು ‘ಸುಭದ್ರಾ’ (1941), ‘ಜೀವನ ನಾಟಕ’ (1942), ‘ಹೇಮರೆಡ್ಡಿ ಮಲ್ಲಮ್ಮ’ (1945) ಚಿತ್ರಗಳಲ್ಲಿ ಕಾಣಿಸಿಕೊಂಡರು.

ಇವುಗಳಲ್ಲಿ ಮಲ್ಲಮ್ಮನ ಪಾತ್ರ ಜಾನಪದ ದೃಷ್ಟಿಯಿಂದ ಗಮನಾರ್ಹವಾದುದು. ಅತ್ತೆಮನೆಯ ಕಾಟವನ್ನು ಸಹಿಸಿ ಶ್ರೀಶೈಲದ ಮಲ್ಲಿಕಾರ್ಜುನನನ್ನು ಒಲಿಸಿಕೊಂಡ ಈ ಶರಣೆಯ ಕಥೆ ಹೆಣ್ಣುಮಕ್ಕಳ ಹಾಡುಗಳಲ್ಲಿ ಬಾಳಿಕೊಂಡು ಬಂದದ್ದು. ಬೀಸುವ ಕಲ್ಲಿನ ಮುಂದೆ ಹಾಡುವವಳು ಮಲ್ಲಮ್ಮನ ದುಃಖದಲ್ಲಿ ತನ್ನ ದುಃಖವನ್ನೂ ಬೆರೆಸುತ್ತಾಳೆ. ಕಥೆಯ ಹೆಣ್ಣಿಗೂ ಹಾಡುವ ಹೆಣ್ಣಿಗೂ ಅಲ್ಲಿ ಅಂತರ ತೆಳುವಾಗುತ್ತದೆ. ಜಯಮ್ಮನವರಂಥ ಗಾಯಕನಟಿ ಆ ಪಾತ್ರವನ್ನು ವಹಿಸಿದಾಗ ಈ ಐಕ್ಯ ತೆರೆಯ ಮೇಲೂ ಸಾಧ್ಯವಾಯಿತು. ಚಿತ್ರ ಜನಮನ್ನಣೆ ಪಡೆದುದಕ್ಕೆ ಭಕ್ತಿಯ ಕಥಾವಸ್ತುವಿನ ಜೊತೆಗೆ ಈ ಕಾರಣವನ್ನೂ ಪರಿಗಣಿಸಬೇಕು.

ಅವರ ಪ್ರತಿಭೆ ಕನ್ನಡಕ್ಕೆ ಸೀಮಿತವಾಗಲಿಲ್ಲ. ಬಿ.ಎನ್. ರೆಡ್ಡಿಯವರ ತೆಲುಗು ಚಿತ್ರ ‘ಸ್ವರ್ಗಸೀಮ’ದಲ್ಲಿ (1945) ಅವರು ಗೃಹಿಣಿಯ ಪಾತ್ರ ವಹಿಸಿ, ನಾಯಕ ಚಿತ್ತೂರು ವಿ. ನಾಗಯ್ಯನವರೊಂದಿಗೆ ಹಾಡಿದರು. ನಾಗಯ್ಯನವರೇ ನಿರ್ದೇಶಿಸಿ ನಟಿಸಿದ ‘ತ್ಯಾಗಯ್ಯ’ದಲ್ಲಿಯೂ (1946) ನಟಿಸಿದರು.

ಆದರೆ ಅಷ್ಟರಲ್ಲಿ ಹಿನ್ನೆಲೆ ಗಾಯನದ ಪದ್ಧತಿ ಬೇರೂರತೊಡಗಿತ್ತು. 1935ರಲ್ಲಿ ಕಲ್ಕತ್ತೆಯ ಸ್ಟುಡಿಯೋದಲ್ಲಿ ಆರಂಭವಾದ ಈ ತಂತ್ರ ಮುಂದಿನ ಎರಡು ದಶಕಗಳಲ್ಲಿ ದಕ್ಷಿಣದ ಚಿತ್ರರಂಗವನ್ನೂ ಆವರಿಸಿತು. ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್‌ನ ‘ಬೇಡರ ಕಣ್ಣಪ್ಪ’ (1954) ಇದಕ್ಕೆ ಮಾರ್ಮಿಕ ಸಾಕ್ಷಿ. ಅದೇ ಕಂಪನಿಯ ರಂಗದ ಮೇಲೆ ಹಾಡಿ ನಟಿಸಿ ಬೆಳೆದ ರಾಜ್‌ಕುಮಾರ್ ಅವರ ಕಣ್ಣಪ್ಪನಿಗೆ ಸಿ.ಎಸ್. ಜಯರಾಮನ್ ಅವರ ಕಂಠ ಬಳಕೆಯಾಯಿತು. ಪಾತ್ರಧಾರಿ ತಾನೇ ಹಾಡಬೇಕೆಂಬ ಕಂಪನಿಯ ನಿಯಮ ಕಂಪನಿಯ ಹೆಸರಿನ ಚಿತ್ರದಲ್ಲೇ ಸಡಿಲಗೊಂಡಿತು.

ಈ ಬದಲಾವಣೆ ಎಲ್ಲರನ್ನೂ ಸಮಾನವಾಗಿ ತಟ್ಟಲಿಲ್ಲ. 1974ರ ‘ಸಂಪತ್ತಿಗೆ ಸವಾಲ್’ ನಂತರ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ನಿರಂತರವಾಗಿ ತಾವೇ ಹಾಡತೊಡಗಿದರು. ‘ಸ್ವರ್ಗಸೀಮ’ದಲ್ಲಿ ಜಯಮ್ಮನವರ ಸಹನಟಿಯಾಗಿದ್ದ ಪಿ. ಭಾನುಮತಿ, ಪತಿಯೊಂದಿಗೆ ಭರಣಿ ಸಂಸ್ಥೆಯನ್ನು ಕಟ್ಟಿ, ನಿರ್ಮಾಪಕಿ ಮತ್ತು ನಿರ್ದೇಶಕಿಯೂ ಆಗಿ ತಮ್ಮ ಕಂಠವನ್ನು ಉಳಿಸಿಕೊಂಡರು. ತಾರಾಬಲವೋ ನಿರ್ಮಾಣದ ಹಿಡಿತವೋ ಇದ್ದವರಿಗೆ ತಮ್ಮ ದನಿಯ ಮೇಲೆ ಹಕ್ಕು ಉಳಿಯಿತು. ಕಂಪನಿ ರಂಗದಿಂದ ಬಂದು, ನಡುವಯಸ್ಸಿನಲ್ಲಿ ತಾಯಿಯ ಪಾತ್ರಗಳಿಗೆ ಸರಿದ ಜಯಮ್ಮನವರಂಥ ನಟಿಯರಿಗೆ ಅಂಥ ಅವಕಾಶ ಮರಳಿ ಒದಗಲಿಲ್ಲ. ಕಥೆ ತಾಯಿಗೆ ಕಣ್ಣೀರನ್ನು ಕೊಟ್ಟಿತು, ಹಾಡನ್ನು ನಾಯಕಿಗೆ ಮೀಸಲಿಟ್ಟಿತು.

ವೀರಣ್ಣನವರು 1972ರಲ್ಲಿ, ಜಯಮ್ಮನವರು 1988ರಲ್ಲಿ ತೀರಿಕೊಂಡರು. ವೀರಣ್ಣನವರ ಬದುಕಿಗೆ ‘ಕಲೆಯೇ ಕಾಯಕ’ ಎಂಬ ಆತ್ಮಕಥನದ ಆಧಾರವಿದೆ. ರಂಗನಟಿಯರ ವಿಷಯದಲ್ಲಾದರೋ ಅವರು ಹಾಡಿದ ಹಾಡುಗಳೂ ವಹಿಸಿದ ಪಾತ್ರಗಳೂ ಆತ್ಮಕಥನದ ಸ್ಥಾನದಲ್ಲಿ ನಿಲ್ಲುತ್ತವೆ. ಆದ್ದರಿಂದ ಹಳೆಯ ಚಿತ್ರಗಳ ಧ್ವನಿಪಥ, ನಾಟಕದ ಹಾಡುಗಳ ಪುಸ್ತಿಕೆ, ಕರಪತ್ರಗಳನ್ನು ಅಲಂಕಾರದ ಸ್ಮರಣಿಕೆಗಳಂತೆ ಕಾಣದೆ ಪ್ರಾಥಮಿಕ ಆಕರಗಳೆಂದು ಸಂಗ್ರಹಿಸಿ ಪರಿಶೀಲಿಸುವುದು ಅಗತ್ಯ.

ಹಾಡು ಮತ್ತು ಅಭಿನಯದ ಐಕ್ಯ ತೆರೆಯ ಮೇಲೆ ಕ್ಷೀಣಿಸಿದರೂ ರಂಗದ ಮೇಲೆ ಉಳಿಯಿತು. 2013ರಲ್ಲಿ ಪದ್ಮಶ್ರೀ ಪಡೆದ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ, ರಂಗದ ಮೇಲೆ ತಮ್ಮ ಹಾಡನ್ನು ತಾವೇ ಹಾಡಿ ಅಭಿನಯಿಸುವ ಕಲಾವಿದೆ. ಜಯಮ್ಮನವರ ತಲೆಮಾರು ಬೆಳೆಸಿದ ಗಾಯನಮಾರ್ಗದ ಮುಂದುವರಿಕೆಯನ್ನು ಅಲ್ಲಿ ಗುರುತಿಸಬಹುದು.