ಕನ್ನಡದಿಂದ ಕೇಳಿದ ಜಾಮೀನು

1878ರ ಮಾರ್ಚ್ 14ರಂದು ವೈಸರಾಯ್ ಲಾರ್ಡ್ ಲಿಟ್ಟನ್‌ನ ಶಾಸನಸಭೆ ಒಂದೇ ಕೂಟದಲ್ಲಿ ಕಾನೂನೊಂದನ್ನು ಮಂಡಿಸಿ, ಅಂಗೀಕರಿಸಿ ಎದ್ದಿತು. ದೇಶಭಾಷಾ ಪತ್ರಿಕಾ ಕಾಯಿದೆ ಎಂದು ಅದರ ಹೆಸರು. ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳು ಆಗ ಮುಂಬಯಿ ಪ್ರಾಂತದಲ್ಲಿದ್ದವು. ಇಲ್ಲಿಯ ಕನ್ನಡ ಪತ್ರಿಕೆಗಳೆಲ್ಲ ಅದರ ಅಂಕೆಗೆ ಬಂದವು. ಮಂಗಳೂರು, ಬಳ್ಳಾರಿಗಳು ಬರಲಿಲ್ಲ. ಅವು ಮದ್ರಾಸ್ ಪ್ರಾಂತದವು. ಅಲ್ಲಿಯ ಗವರ್ನರ್ ಬಕಿಂಗ್‌ಹ್ಯಾಮ್‌ನ ಡ್ಯೂಕ್ ಇಂಥ ಕಾಯಿದೆಗೆ ವಿರೋಧವಾಗಿದ್ದುದರಿಂದ ಮದ್ರಾಸನ್ನು ಹೊರಗಿಟ್ಟರು. ಹಾಗಾಗಿ ತುಂಗಭದ್ರೆಯ ಈ ದಂಡೆಯಲ್ಲಿ ಒಂದು ಕಾನೂನು, ಆ ದಂಡೆಯಲ್ಲಿ ಇನ್ನೊಂದು. ಎರಡೂ ಕಡೆ ಅಚ್ಚಾಗುತ್ತಿದ್ದುದು ಅದೇ ಕನ್ನಡ.

ಕಾಯಿದೆಯ ಬಗೆ ಸರಳವಾಗಿತ್ತು. ಜಿಲ್ಲಾ ಮ್ಯಾಜಿಸ್ಟ್ರೇಟ್ ಪ್ರಾಂತ ಸರ್ಕಾರದ ಒಪ್ಪಿಗೆ ಪಡೆದು ಮುದ್ರಕನನ್ನೂ ಪ್ರಕಾಶಕನನ್ನೂ ಕರೆಸಬಹುದು, ಸರ್ಕಾರದ ಮೇಲೆ ಅಸಮಾಧಾನ ಹುಟ್ಟಿಸುವಂಥದ್ದನ್ನು ಅಚ್ಚು ಮಾಡುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಳ್ಳಬಹುದು, ಜಾಮೀನು ಹಣ ಇಡಿಸಿಕೊಳ್ಳಬಹುದು. ಮಾತು ಮೀರಿದರೆ ಹಣವೂ ಹೋಯಿತು, ಅಚ್ಚಿನ ಯಂತ್ರವೂ ಹೋಯಿತು. ನ್ಯಾಯಾಲಯಕ್ಕೆ ಮೇಲ್ಮನವಿ ಇಲ್ಲ. ಅಚ್ಚಿನ ಕರಡನ್ನು ಮೊದಲೇ ಅಧಿಕಾರಿಗೆ ತೋರಿಸಿದವನಿಗೆ ಜಾಮೀನಿನಿಂದ ವಿನಾಯಿತಿ ಎಂಬ ಕಲಮೂ ಇತ್ತು. ಅದನ್ನು ಲಂಡನ್ನಿನವರೇ ಸಹಿಸದೆ ಅದೇ ವರ್ಷ ತೆಗೆಸಿದರು. ಸಂಪಾದಕನನ್ನು ಜೈಲಿಗೆ ಕಳಿಸಿದರೆ ಅವನು ಜನರ ಕಣ್ಣಿಗೆ ದೊಡ್ಡವನಾಗುತ್ತಾನೆ. ಜಾಮೀನು ಕಳೆದುಕೊಂಡು ಅಂಗಡಿ ಮುಚ್ಚಿದವನನ್ನು ಯಾರೂ ಮೆರವಣಿಗೆ ಮಾಡುವುದಿಲ್ಲ. ಲಿಟ್ಟನ್‌ನ ಸಲಹೆಗಾರರಿಗೆ ಇದು ಗೊತ್ತಿರಲಿಲ್ಲ ಎಂದು ನನಗನಿಸುವುದಿಲ್ಲ.

ಇಷ್ಟು ಆತುರ ಏಕೆಂದು ತಿಳಿಯಲು ಹಿಂದಿನ ಎರಡು ವರ್ಷ ನೋಡಬೇಕು. ನಮ್ಮ ಹಿರಿಯರು ಧಾತು ಈಶ್ವರ ಬರ ಎಂದು ಕರೆದ 1876-78ರ ಕ್ಷಾಮ ಧಾರವಾಡ, ಕಲಾದಗಿ, ಬಳ್ಳಾರಿ, ಮೈಸೂರುಗಳನ್ನು ಸುಟ್ಟುಹಾಕಿತ್ತು. ಅದರ ನಡುವೆಯೇ, 1877ರ ಜನವರಿ 1ರಂದು, ಲಿಟ್ಟನ್ ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಹಿಂದೂಸ್ಥಾನದ ಸಾಮ್ರಾಜ್ಞಿಯೆಂದು ಘೋಷಿಸುವ ದರ್ಬಾರು ನಡೆಸಿದ. ಊರಿಗೆ ಊರೇ ಹಸಿದಿದ್ದಾಗ ದೆಹಲಿಯ ಔತಣದ ಸುದ್ದಿ ದೇಶಭಾಷೆಗಳಲ್ಲಿ ಹೇಗೆ ಓದಿಸಿಕೊಂಡಿರಬೇಡ!

ವಿಚಿತ್ರವೆಂದರೆ, ಇದೇ ಮಾತನ್ನು ಇಂಗ್ಲಿಷಿನಲ್ಲಿ ಬರೆದವನಿಗೆ ಈ ಕಾಯಿದೆ ತಾಗುತ್ತಿರಲಿಲ್ಲ. ಅದಕ್ಕೇ ಕಲಕತ್ತೆಯ ‘ಅಮೃತ ಬಜಾರ್ ಪತ್ರಿಕಾ’ ಬಂಗಾಳಿಯನ್ನು ಬಿಟ್ಟು ರಾತ್ರೋರಾತ್ರಿ ಪೂರ್ಣ ಇಂಗ್ಲಿಷ್ ಪತ್ರಿಕೆಯಾಯಿತು. ಅಪರಾಧ ಮಾತಿನಲ್ಲಿರಲಿಲ್ಲ, ಅದು ಯಾರಿಗೆ ತಲುಪುತ್ತದೆ ಎಂಬುದರಲ್ಲಿತ್ತು.

ಈ ಲೆಕ್ಕಾಚಾರ ಲಿಟ್ಟನ್ ಕಂಡುಹಿಡಿದದ್ದಲ್ಲ. ನಾಲ್ಕು ದಶಕಗಳ ಹಿಂದೆ ಪ್ಯಾರಿಸ್‌ನಲ್ಲಿ ಇದೇ ಲೆಕ್ಕ ಚಿತ್ರಗಳ ಮೇಲೆ ನಡೆದಿತ್ತು. 1830ರ ಕ್ರಾಂತಿಯಿಂದ ಪಟ್ಟಕ್ಕೆ ಬಂದ ಲೂಯಿ ಫಿಲಿಪ್ ದೊರೆಯ ಸನ್ನದಿನಲ್ಲಿ ಪತ್ರಿಕಾ ಪರೀಕ್ಷಣೆ ಇನ್ನೆಂದೂ ಮರಳುವುದಿಲ್ಲ ಎಂದು ಬರೆದಿತ್ತು. ಆ ಭರವಸೆಯ ಮೇಲೆ ಶಾರ್ಲ್ ಫಿಲಿಪೊಂ ಎಂಬಾತ ‘ಲಾ ಕಾರಿಕಾತ್ಯೂರ್’ ಎಂಬ ವ್ಯಂಗ್ಯಚಿತ್ರ ವಾರಪತ್ರಿಕೆ ತೆಗೆದ. ದೊರೆಯನ್ನು ಅವಮಾನಿಸಿದ ಆರೋಪದ ಮೇಲೆ 1831ರ ನವೆಂಬರಿನಲ್ಲಿ ಅವನನ್ನು ಕಟಕಟೆಯಲ್ಲಿ ನಿಲ್ಲಿಸಿದರು. ಅವನು ಅಲ್ಲಿಯೇ ನಾಲ್ಕು ಚಿತ್ರ ಬರೆದು ತೋರಿಸಿದ. ಮೊದಲನೆಯದು ದೊರೆಯ ಜೋಲುಗೆನ್ನೆಯ ಮುಖ, ಕೊನೆಯದು ಬರೀ ಪಿಯರ್ ಹಣ್ಣು. (ನಮ್ಮ ಪೇರಲವಲ್ಲ, ಮೇಲೆ ಸಣ್ಣಗಾಗಿ ಕೆಳಗೆ ಉಬ್ಬಿರುವ ಹಣ್ಣು.) ಹಣ್ಣು ದೊರೆಯನ್ನು ಹೋಲಿದರೆ ಅದು ನನ್ನ ತಪ್ಪೇ ಎಂಬುದು ಅವನ ವಾದ. ಶಿಕ್ಷೆಯಂತೂ ಆಯಿತು. ಆದರೆ ಆಮೇಲೆ ಪ್ಯಾರಿಸ್‌ನ ಗೋಡೆಗಳ ಮೇಲೆಲ್ಲ ಆ ಹಣ್ಣೇ. ಅವನ ಗೆಳೆಯ ಒನೊರೆ ದೋಮಿಯೆ, ಬಡವರ ತೆರಿಗೆಯನ್ನು ಬುಟ್ಟಿಗಟ್ಟಲೆ ನುಂಗುವ ರಾಕ್ಷಸನಂತೆ ದೊರೆಯನ್ನು ಬರೆದು ಆರು ತಿಂಗಳ ಜೈಲು ಶಿಕ್ಷೆ ಪಡೆದ.

1835ರ ಜುಲೈನಲ್ಲಿ ದೊರೆಯ ಮೇಲೆ ಕೊಲೆಯತ್ನ ನಡೆದದ್ದೇ ನೆಪವಾಯಿತು. ಸೆಪ್ಟೆಂಬರಿನಲ್ಲಿ ಹೊಸ ಕಾನೂನು ಬಂತು: ಪತ್ರಿಕೆಗಳ ಜಾಮೀನು ಏರಿತು, ಸರ್ಕಾರದ ಪೂರ್ವಾನುಮತಿ ಇಲ್ಲದೆ ಯಾವ ಚಿತ್ರವನ್ನೂ ಅಚ್ಚು ಮಾಡುವಂತಿಲ್ಲ. ಸನ್ನದಿನ ಭರವಸೆ ಏನಾಯಿತು ಎಂದರೆ, ಸನ್ನದು ಕಾಪಾಡುವುದು ಅಭಿಪ್ರಾಯವನ್ನು. ಚಿತ್ರ ನೇರ ಕಣ್ಣಿಗೆ ಮಾತಾಡುತ್ತದೆ, ಆದ್ದರಿಂದ ಅದು ಅಭಿಪ್ರಾಯವಲ್ಲ, ಕೃತ್ಯ ಎಂಬುದು ನ್ಯಾಯಮಂತ್ರಿಯ ಸಮಜಾಯಿಷಿ. ಅಕ್ಷರ ಓದಬಲ್ಲವರ ಪಾಲು. ಚಿತ್ರವನ್ನು ಕೂಲಿಯವನೂ ಓದುತ್ತಾನೆ. ಪ್ಯಾರಿಸ್‌ನಲ್ಲಿ ಚಿತ್ರಕ್ಕೆ ಹಾಕಿದ ಬೇಲಿಯನ್ನೇ ಧಾರವಾಡದಲ್ಲಿ ಕನ್ನಡಕ್ಕೆ ಹಾಕಿದರು.

ದೇಶಭಾಷೆ, ಚಿತ್ರ ಎರಡನ್ನೂ ಒಟ್ಟಿಗೆ ಹಿಡಿದವರೂ ಇದ್ದರು. ದರ್ಬಾರು ನಡೆದ 1877ರ ಜನವರಿಯಲ್ಲೇ ಲಖನೌದಲ್ಲಿ ಮುನ್ಷಿ ಸಜ್ಜಾದ್ ಹುಸೇನರು ‘ಅವಧ್ ಪಂಚ್’ ಎಂಬ ಉರ್ದು ವಾರಪತ್ರಿಕೆ ಆರಂಭಿಸಿದರು. ಅಕ್ಬರ್ ಇಲಾಹಾಬಾದಿ ಅದಕ್ಕೆ ಬರೆಯುತ್ತಿದ್ದರು, ವ್ಯಂಗ್ಯಚಿತ್ರಗಳು ಇರುತ್ತಿದ್ದವು. ಉರ್ದು ಎಂದರೆ ಗಜಲು, ಕವ್ವಾಲಿ ಎಂದಷ್ಟೇ ತಿಳಿದವರು ಆ ಮೂರೂವರೆ ದಶಕದ ನಗೆಯನ್ನು ನೆನೆಯುವುದಿಲ್ಲ.

ಫ್ರಾನ್ಸಿನಲ್ಲಿ 1881ರ ಜುಲೈ 29ರ ಕಾನೂನು ಚಿತ್ರಗಳ ಪೂರ್ವಾನುಮತಿಯನ್ನು ರದ್ದು ಮಾಡಿತು. ಇಲ್ಲಿ 1882ರಲ್ಲಿ ಲಾರ್ಡ್ ರಿಪನ್ ಲಿಟ್ಟನ್‌ನ ಕಾಯಿದೆಯನ್ನು ತೆಗೆದುಹಾಕಿದ. ಪ್ಯಾರಿಸ್‌ನ ಕಥೆ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಯಹೂದಿ ಸೇನಾಧಿಕಾರಿ ಡ್ರೇಫಸ್‌ನ ಪ್ರಕರಣದ ದಿನಗಳಲ್ಲಿ, 1898ರ ಹೊತ್ತಿಗೆ, ಸ್ವತಂತ್ರವಾದ ಅದೇ ಪೆನ್ಸಿಲ್ ದೊರೆಗಳನ್ನು ಬಿಟ್ಟು ಒಂದು ಅಲ್ಪಸಂಖ್ಯಾತ ಸಮುದಾಯದ ಮೂಗು, ಗಡ್ಡಗಳನ್ನು ಗೇಲಿ ಮಾಡತೊಡಗಿತು. 2005ರಲ್ಲಿ ಡೆನ್ಮಾರ್ಕಿನ ಪತ್ರಿಕೆಯೊಂದು ಪ್ರಕಟಿಸಿದ ಚಿತ್ರಗಳನ್ನು ದೋಮಿಯೆಯ ಪರಂಪರೆಗೆ ಸೇರಿಸಿ ಮಾತಾಡುವವರು ಈ ಎರಡನೆಯ ಪರಂಪರೆಯನ್ನೂ ಒಮ್ಮೆ ನೋಡಬೇಕು.

ನಮ್ಮಲ್ಲಿ ಬೇಲಿ ಮತ್ತೆ ಎದ್ದದ್ದು 1908ರಲ್ಲಿ. ಜುಲೈನಲ್ಲಿ ತಿಲಕರಿಗೆ ‘ಕೇಸರಿ’ಯ ಲೇಖನಗಳಿಗಾಗಿ ಆರು ವರ್ಷದ ಶಿಕ್ಷೆಯಾಯಿತು. ಅದೇ ವರ್ಷ ಮೈಸೂರು ಸಂಸ್ಥಾನವೂ ಪತ್ರಿಕಾ ಶಾಸನವೊಂದನ್ನು ತಂದಿತು. ಸರ್ಕಾರದ ಅನುಮತಿ ಇಲ್ಲದೆ ಪತ್ರಿಕೆ ನಡೆಸುವಂತಿಲ್ಲ. ಕೊಟ್ಟ ಅನುಮತಿಯನ್ನು ಸರ್ಕಾರ ಹಿಂದಕ್ಕೂ ಪಡೆಯಬಹುದು. ಇಲ್ಲಿ ಬೈಯಲು ಬಿಳಿಯರಿರಲಿಲ್ಲ. ದೊರೆ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ವಿ.ಪಿ. ಮಾಧವರಾವ್. ನಾಲ್ವಡಿಯವರ ಆಳ್ವಿಕೆಯನ್ನು ಹೊಗಳುವಾಗ ನಾವು ಈ ಪುಟವನ್ನು ಮಗುಚಿಬಿಡುತ್ತೇವೆ. ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ, ಜನ ‘ತಾತಯ್ಯ’ ಎಂದು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅನುಮತಿ ಬೇಡಿ ಬರೆಯುವುದಕ್ಕಿಂತ ನಿಲ್ಲಿಸುವುದೇ ಮೇಲೆಂದು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು.

ಅದೇ 1908ರಲ್ಲಿ ಸುಬ್ರಹ್ಮಣ್ಯ ಭಾರತಿಯವರು ಮದ್ರಾಸಿನಿಂದ ಪುದುಚೇರಿಗೆ ಹೋದರು. ಅದು ಫ್ರೆಂಚರ ನೆಲ. 1881ರ ಕಾನೂನು ಅಲ್ಲಿಗೂ ಅನ್ವಯಿಸುತ್ತಿತ್ತು. ಅಲ್ಲಿಂದ ಅವರು ವ್ಯಂಗ್ಯಚಿತ್ರಗಳೊಂದಿಗೆ ‘ಇಂಡಿಯಾ’ ವಾರಪತ್ರಿಕೆಯನ್ನು ಮತ್ತೆ ಹೊರಡಿಸಿದರು. ಬ್ರಿಟಿಷರು ಅದು ತಮ್ಮ ಗಡಿಯೊಳಗೆ ಬರದಂತೆ ತಡೆದರು. 1910ರಲ್ಲಿ ಅದು ನಿಂತಿತು.

ಆ ವರ್ಷದ ಹೊಸ ಪತ್ರಿಕಾ ಕಾಯಿದೆ ಜಾಮೀನನ್ನು ಮರಳಿ ತಂದಿತು. ಈ ಸಲ ಇಂಗ್ಲಿಷಿಗೂ ವಿನಾಯಿತಿ ಇರಲಿಲ್ಲ. ಮೌಲಾನಾ ಆಜಾದರ ‘ಅಲ್-ಹಿಲಾಲ್’ ಕಟ್ಟಿದ್ದ 2,000 ರೂಪಾಯಿಯನ್ನು 1914ರಲ್ಲಿ ಮುಟ್ಟುಗೋಲು ಹಾಕಿಕೊಂಡು, 10,000 ರೂಪಾಯಿ ಹೊಸ ಜಾಮೀನು ಕೇಳಿದರು. ಪತ್ರಿಕೆ ಮುಚ್ಚಿತು.

ಮುಂಬಯಿ ಸರ್ಕಾರದ ಭಾಷಾಂತರಕಾರರು ಧಾರವಾಡ ಸೀಮೆಯ ಕನ್ನಡ ಪತ್ರಿಕೆಗಳನ್ನೂ ಓದಿ, ಸಾರಾಂಶವನ್ನು ಇಂಗ್ಲಿಷಿಗೆ ಇಳಿಸಿ, ವಾರವಾರವೂ ಗುಪ್ತವಾಗಿ ಒಪ್ಪಿಸುತ್ತಿದ್ದರು. ಆ ಪತ್ರಿಕೆಗಳಲ್ಲಿ ಎಷ್ಟೋ ಈಗ ಎಲ್ಲಿಯೂ ಸಿಗುವುದಿಲ್ಲ. ನಮ್ಮವರು ಬರೆದದ್ದು ಏನೆಂದು ತಿಳಿಯಬೇಕಾದವರು ಈಗ ಹೋಗಿ ತೆರೆಯುವುದು ಆ ಕಾವಲುಗಾರರ ವರದಿಗಳನ್ನೇ.