ಇಂದು ನಗದು, ನಾಳೆ ಉದ್ರಿ

ಪುಣೆಯ ವಾಕಡ್‌ನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿಗೆ ಎರಡು ತಿಂಗಳಿಗೊಮ್ಮೆ ಊರ ಕಡೆಯಿಂದ ಚೀಲಗಳು ಬರುತ್ತವೆ. ವಿಜಯಪುರದ ಬಿಳಿಜೋಳ, ಕಲಬುರಗಿಯ ತೊಗರಿಬೇಳೆ, ಬ್ಯಾಡಗಿ ಮೆಣಸಿನಕಾಯಿ, ಮಹಾಲಿಂಗಪುರದ ಬೆಲ್ಲ. ಇವು ಪುಣೆಯಲ್ಲಿ ಸಿಗುವುದಿಲ್ಲವೆಂದಲ್ಲ. ಬ್ಯಾಡಗಿ ಎಂದು ಕೊಂಡ ಮೆಣಸಿನಕಾಯಿ ಮನೆಗೆ ಬಂದಮೇಲೆ ಬ್ಯಾಡಗಿಯದೇ ಆಗಿರುತ್ತದೆಂಬ ಖಾತರಿ ಇಲ್ಲ, ಅಷ್ಟೆ. ಮೂವತ್ತು ಮೂವತ್ತೈದು ಕನ್ನಡ ಮನೆಗಳು ಸೇರಿ ಮಾಡಿಕೊಂಡ ವ್ಯವಸ್ಥೆ ಇದು. ಬೆಳಿಗ್ಗೆ ತೂಕ, ಪೊಟ್ಟಣ, ಲೆಕ್ಕ. ಮಧ್ಯಾಹ್ನ ಅಲ್ಲಿಯೇ ಊಟ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಬಂದರೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಹಿಂಡಿ ನಮ್ಮ ಮನೆಯ ಪಾಲು. ಹುರಿದ ಶೇಂಗಾ, ಕೆಂಪು ಖಾರ, ಸಿಪ್ಪೆಸಮೇತ ಬೆಳ್ಳುಳ್ಳಿ, ಜೀರಿಗೆ, ಉಪ್ಪು; ಇಷ್ಟನ್ನು ಕಲ್ಲಿನಲ್ಲಿ ಎಣ್ಣೆ ಬಿಡುವತನಕ ಕುಟ್ಟಬೇಕು. ಮಿಕ್ಸಿಯಲ್ಲಿ ಮಾಡಿದರೆ ಪುಡಿಯಾಗುತ್ತದೆ, ಹಿಂಡಿಯಾಗುವುದಿಲ್ಲ.

ಗುಂಪಿನ ನಿಯಮಗಳನ್ನು ಬರೆದವನು ನಾನು. ಪ್ರಾಜೆಕ್ಟ್ ಮ್ಯಾನೇಜರಿಗೆ ಎಲ್ಲಿ ಹೋದರೂ ಇಂಥ ಕೆಲಸವೇ ಅಂಟಿಕೊಳ್ಳುತ್ತದೆ. ಮೊದಲ ನಿಯಮ: ದುಡ್ಡು ಮೊದಲು, ಮಾಲು ಆಮೇಲೆ, ಉದ್ರಿ ಇಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರುವ ಇಂಡಿ ಕಡೆಯ ಅಕ್ಕ ಕಳೆದ ವರ್ಷ ಕ್ಲಬ್‌ಹೌಸಿನ ಕಸ ಗುಡಿಸುತ್ತಾ, “ಅಣ್ಣಾರ, ಎರಡ ಕಿಲೊ ಬ್ಯಾಳಿ ನನಗೂ ಕೊಡ್ರಿ, ಪಗಾರ ಆದ ಮ್ಯಾಲೆ ಕೊಡ್ತೀನಿ” ಎಂದರು. ನಿಯಮ ಹೇಳಿದೆ. ನಿಯಮ ಹೇಳುವಾಗ ಬರುವ ನನ್ನ ದನಿ ಆಫೀಸಿನದು, ಅದು ನನಗೇ ಕೇಳಿಸಿತು. “ಆಗ್ಲಿ ಬಿಡ್ರಿ” ಎಂದು ಅವರು ಸಂಜೆ ಮೂಲೆಯ ಅಂಗಡಿಯಲ್ಲಿ ಅದಕ್ಕಿಂತ ಕೀಳು ಬೇಳೆಯನ್ನು ಹೆಚ್ಚಿನ ದರಕ್ಕೆ ಒಯ್ದರು. ಅಲ್ಲಿ ಉದ್ರಿ ಪುಸ್ತಕವಿದೆ.

ಆ ನಿಯಮ ನನ್ನ ತಲೆಯಿಂದ ಹುಟ್ಟಿದ್ದಲ್ಲ. ಕೆಲವು ವರ್ಷಗಳ ಹಿಂದೆ ಪ್ರಾಜೆಕ್ಟ್ ಕೆಲಸದ ಮೇಲೆ ಮ್ಯಾಂಚೆಸ್ಟರಿನಲ್ಲಿದ್ದಾಗ, ಒಂದು ಶನಿವಾರ ಟ್ರಾಮ್ ಹತ್ತಿ ರಾಚ್‌ಡೇಲ್ ಎಂಬ ಊರಿಗೆ ಹೋಗಿದ್ದೆ. ಅಲ್ಲಿ ಟೋಡ್ ಲೇನ್ ಎಂಬ ಓಣಿಯಿದೆ. ಕಪ್ಪೆಗಳ ಓಣಿಯಲ್ಲ, ‘ದಿ ಓಲ್ಡ್ ಲೇನ್’ ಎನ್ನುವುದು ಅಲ್ಲಿಯವರ ಬಾಯಲ್ಲಿ ಹಾಗಾಯಿತು ಎನ್ನುತ್ತಾರೆ. ಅದರ 31ನೇ ನಂಬರಿನ ಕಟ್ಟಡ ಈಗ ವಸ್ತುಸಂಗ್ರಹಾಲಯ. ಒಳಗೆ ಪೀಪಾಯಿಗಳ ಮೇಲೆ ಹಲಗೆ ಇಟ್ಟು ಮಾಡಿದ ಕೌಂಟರು, ತಕ್ಕಡಿ, ಹಿಟ್ಟಿನ ಚೀಲ. ಜಗತ್ತಿನ ಸಹಕಾರಿ ಅಂಗಡಿಗಳೆಲ್ಲ ತಮ್ಮ ವಂಶಾವಳಿಯನ್ನು ಇಲ್ಲಿಂದ ಹೇಳಿಕೊಳ್ಳುತ್ತವೆ.

1844ರ ಡಿಸೆಂಬರ್ 21, ಶನಿವಾರ ರಾತ್ರಿ ಈ ಅಂಗಡಿ ತೆರೆಯಿತು. ರಾಚ್‌ಡೇಲ್ ಫ್ಲಾನೆಲ್ ನೇಯುವ ಊರು. ಯಂತ್ರಮಗ್ಗ ಬಂದು ಕೈಮಗ್ಗದವರ ಕೂಲಿ ಇಳಿದಿತ್ತು, ಕೂಲಿ ಹೆಚ್ಚಿಸಿರೆಂದು ಮಾಡಿದ ಹೋರಾಟ ಸೋತಿತ್ತು. ಕೂಲಿ ಹೆಚ್ಚಿಸಲಾಗದಿದ್ದರೆ ಅದೇ ಕೂಲಿಗೆ ಸರಿಯಾದ ಹಿಟ್ಟನ್ನಾದರೂ ತರಬಹುದಲ್ಲ ಎಂದು ಕೆಲವರು ಲೆಕ್ಕ ಹಾಕಿದರು. ವಾರಕ್ಕೆ ಎರಡು ಪೆನ್ನಿ, ಆಮೇಲೆ ಮೂರು ಪೆನ್ನಿಯಂತೆ ಮನೆಮನೆಗೆ ಹೋಗಿ ವಂತಿಗೆ ಕೂಡಿಸಿದರು. ತಲೆಗೊಂದು ಪೌಂಡಿನಂತೆ 28 ಜನರಿಂದ 28 ಪೌಂಡು. ಬಾಡಿಗೆ, ಸಾಮಾನು ಕಳೆದು ಉಳಿದ ಹಣದಲ್ಲಿ ಬಂದ ಮಾಲು ಇಷ್ಟೇ: ಹದಿಮೂರು ಕಿಲೋದಷ್ಟು ಬೆಣ್ಣೆ, ಇಪ್ಪತ್ತೈದು ಕಿಲೋ ಸಕ್ಕರೆ, ಮುನ್ನೂರು ಕಿಲೋ ಗೋಧಿಹಿಟ್ಟು, ಒಂದು ಚೀಲ ಓಟ್ಸ್ ಹಿಟ್ಟು, ಒಂದಿಷ್ಟು ಮೇಣದಬತ್ತಿ. ನಮ್ಮ ಒಂದು ಖೇಪಿನ ಮಾಲು ಇದಕ್ಕಿಂತ ಹೆಚ್ಚಿರುತ್ತದೆ.

ಆ ರಾತ್ರಿ ಬಾಗಿಲ ಹಲಗೆ ತೆಗೆಯಲು ಒಳಗಿದ್ದವರಿಗೇ ಧೈರ್ಯ ಬರಲಿಲ್ಲವಂತೆ. ಹೊರಗೆ ಗಿರಣಿಯ ಹುಡುಗರು ಗುಂಪುಗೂಡಿ ನೇಕಾರರ ಅಂಗಡಿಯೆಂದು ಕೇಕೆ ಹಾಕುತ್ತಿದ್ದರು. ಮೊದಮೊದಲು ವಾರಕ್ಕೆ ಎರಡೇ ಸಂಜೆ ಅಂಗಡಿ, ಸೋಮವಾರ ಮತ್ತು ಶನಿವಾರ. ಕೂಲಿ ಕೆಲಸ ಮುಗಿಸಿ ಬಂದ ಸದಸ್ಯರೇ ತೂಗಿ ಕೊಡುವವರು.

ಅವರು ಮಾರಿದ್ದು ಅಗ್ಗದ ಮಾಲನ್ನಲ್ಲ, ಕಲಬೆರಕೆ ಇಲ್ಲದ ಮಾಲನ್ನು. ಇದರ ಬೆಲೆ ತಿಳಿಯಬೇಕಾದರೆ ಆಗಿನ ಇಂಗ್ಲೆಂಡಿನ ಅಡುಗೆಮನೆ ನೋಡಬೇಕು. ಬ್ರೆಡ್ಡು ಬಿಳಿಯಾಗಲೆಂದು ಹಿಟ್ಟಿಗೆ ಪಟಕ ಬೆರೆಸುವುದು ವಾಡಿಕೆಯಾಗಿತ್ತು. ಒಮ್ಮೆ ಬಳಸಿ ಒಣಗಿಸಿದ ಚಹಾ ಎಲೆಗೆ ಬಣ್ಣ ಹಾಕಿ ಮತ್ತೆ ಮಾರುತ್ತಿದ್ದರು. 1820ರಲ್ಲೇ ಫ್ರೆಡರಿಕ್ ಅಕ್ಕಮ್ ಎಂಬ ರಸಾಯನಶಾಸ್ತ್ರಜ್ಞ ಇದರ ಮೇಲೆ ಪುಸ್ತಕ ಬರೆದಿದ್ದ, ಆದರೂ ಕಾನೂನು ಬರಲು ನಲವತ್ತು ವರ್ಷ ಹಿಡಿಯಿತು. 1858ರಲ್ಲಿ ಬ್ರಾಡ್‌ಫರ್ಡ್‌ನಲ್ಲಿ, ಸಕ್ಕರೆ ಉಳಿಸಲು ಮಿಠಾಯಿಗೆ ಬೆರೆಸುತ್ತಿದ್ದ ಬಿಳಿ ಪುಡಿಯ ಬದಲು ತಪ್ಪಿ ಪಾಷಾಣ ಬಿದ್ದು ಸುಮಾರು 20 ಜನ ಸತ್ತರು. ದಿಗಿಲು ಹುಟ್ಟಿಸುವ ಮಾತೆಂದರೆ, ಅವತ್ತು ತಪ್ಪಿದ್ದು ಯಾವ ಪುಡಿ ಎನ್ನುವುದು ಮಾತ್ರ. ಪುಡಿ ಬೆರೆಸುವುದು ದಿನದ ವ್ಯವಹಾರವಾಗಿತ್ತು. ಬಿಳುಪಿಗೆ ಒಗ್ಗಿದ ಜನ ಸಹಕಾರಿ ಗಿರಣಿಯ ಶುದ್ಧ ಹಿಟ್ಟಿನ ಕಂದುಬಣ್ಣ ನೋಡಿ, ಇದರಲ್ಲೇ ಏನೋ ಕಲಬೆರಕೆಯಿದೆ ಎಂದು ಗೊಣಗಿದರಂತೆ. ಪಾಲಿಶ್ ಇಲ್ಲದ ಬೇಳೆ ಬಂದಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬಂದ ದೂರುಗಳನ್ನು ಓದಿದ ನನಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ.

ಆ ಚೀಲದ ಓಟ್ಸ್ ಹಿಟ್ಟು ಬಡವರ ಅಂಬಲಿಗೆ. ಹಿಟ್ಟನ್ನು ನೀರಲ್ಲಿ ಕುದಿಸಿ ಉಪ್ಪು ಹಾಕಿದರೆ ಆಯಿತು, ಇದ್ದರೆ ಹಾಲು. ನಮ್ಮ ಜೋಳದ ನುಚ್ಚಿಗೆ ಮಜ್ಜಿಗೆ ಇದ್ದ ಹಾಗೆ. ಅಂಗಡಿ ಬೆಳೆದಂತೆ ಚಹಾ ಬಂತು, ತಂಬಾಕು ಬಂತು, ಮೇಲಿನ ಮಹಡಿಯಲ್ಲಿ ಪತ್ರಿಕೆ ಓದುವ ಕೋಣೆ, ಗ್ರಂಥಾಲಯ ಬಂದವು. ಲಾಭದಲ್ಲಿ ನೂರಕ್ಕೆ ಎರಡೂವರೆ ವಿದ್ಯೆಗೆಂದು ಎತ್ತಿಟ್ಟರು. ಮದುವೆಯಾದ ಹೆಣ್ಣಿಗೆ ಸ್ವಂತ ಆಸ್ತಿಯ ಹಕ್ಕು ಇನ್ನೂ ಸಿಗದಿದ್ದ ಕಾಲದಲ್ಲಿ ಇಲ್ಲಿ ಹೆಂಗಸರು ಸದಸ್ಯರಾಗಬಹುದಿತ್ತು. ಮುಂದೆ ಇಂಥ ಸಂಘಗಳ ಚಹಾಕೂಟಗಳು ಆ ದೇಶದಲ್ಲಿ ದೊಡ್ಡ ಸಂಪ್ರದಾಯವೇ ಆದವು. ಉದ್ದನೆಯ ಮೇಜು, ಬ್ರೆಡ್ಡು ಬೆಣ್ಣೆ, ಕೇಕು, ಭಾಷಣ, ಹಾಡು. ಕ್ಲಬ್‌ಹೌಸಿನ ರೊಟ್ಟಿ ಊಟಕ್ಕೂ ಅದಕ್ಕೂ ನಡುವೆ ಬಹಳ ದೂರವಿಲ್ಲ, ನಮ್ಮಲ್ಲಿ ಭಾಷಣ ಕಡಿಮೆ ಎನ್ನುವುದೊಂದೇ ಸಮಾಧಾನ.

ಈಗ ಉದ್ರಿಯ ಮಾತು. 1844ಕ್ಕೆ ಮುಂಚೆಯೂ ಅದೇ ಓಣಿಯಲ್ಲಿ ಒಂದು ಸಹಕಾರಿ ಅಂಗಡಿಯಿತ್ತು. 1833ರಲ್ಲಿ ತೆರೆದು ಎರಡೇ ವರ್ಷದಲ್ಲಿ ಮುಚ್ಚಿತು. ಕಾರಣ ಉದ್ರಿ. ಸದಸ್ಯರಿಗೇ ಸಾಲ ಕೊಟ್ಟು, ಸದಸ್ಯರಿಂದಲೇ ವಸೂಲಾಗದೆ ಅಂಗಡಿ ಮುಳುಗಿತ್ತು. ಆ ಪೆಟ್ಟು ತಿಂದವರಲ್ಲಿ ಕೆಲವರು ಹೊಸ ಸಂಘದಲ್ಲೂ ಇದ್ದರು. ಹಾಗಾಗಿ ಹೊಸ ನಿಯಮಾವಳಿಯಲ್ಲಿ, ಯಾವ ಕಾರಣಕ್ಕೂ ನಗದಿಲ್ಲದೆ ಕೊಳ್ಳಬಾರದು, ಮಾರಬಾರದು. ತಪ್ಪಿದ ಅಧಿಕಾರಿಗೆ ಹತ್ತು ಶಿಲಿಂಗ್ ದಂಡ, ಹುದ್ದೆಯೂ ಹೋಗುತ್ತದೆ ಎಂದು ಬರೆದರು. ಜೊತೆಗೆ ಉದ್ರಿಯ ಬದಲಿಗೆ ಇನ್ನೊಂದನ್ನು ಇಟ್ಟರು. ಮಾರುಕಟ್ಟೆ ದರಕ್ಕೇ ಮಾರುವುದು, ಮೂರು ತಿಂಗಳಿಗೊಮ್ಮೆ ಉಳಿದ ಲಾಭವನ್ನು ಯಾರು ಎಷ್ಟು ಕೊಂಡರೋ ಆ ಪ್ರಮಾಣದಲ್ಲಿ ಹಿಂದಿರುಗಿಸುವುದು. ಬಹಳ ಮಂದಿ ಅದನ್ನು ಸಂಘದಲ್ಲೇ ಬಿಟ್ಟರು. ಕಾಯಿಲೆ ಬಿದ್ದಾಗ, ಕೆಲಸ ಹೋದಾಗ ಆ ಗಂಟು ಕೈಗೆ ಬರುತ್ತಿತ್ತು. ತಿಂದಷ್ಟೂ ಉಳಿತಾಯ ಎಂದರೆ ವಿಚಿತ್ರವೆನಿಸಬಹುದು, ಲೆಕ್ಕ ಮಾತ್ರ ಸರಿಯಾಗಿದೆ. 1845ರ ಕೊನೆಗೆ 74 ಇದ್ದ ಸದಸ್ಯರು 1850ಕ್ಕೆ 600 ಆದರು. ನಡುವೆ 1849ರಲ್ಲಿ ಊರಿನ ಉಳಿತಾಯ ಬ್ಯಾಂಕು ಮುಳುಗಿದ್ದರಿಂದ ಜನ ಇತ್ತ ಹರಿದುಬಂದದ್ದೂ ಉಂಟು.

ಇದನ್ನೆಲ್ಲ ಅಲ್ಲಿಯ ಫಲಕಗಳಲ್ಲಿ ಓದುತ್ತಾ ನಿಂತಾಗ ನನಗೆ ಅಜ್ಜನ ನೆನಪಾಯಿತು. ಅವನು ಗದಗಿನ ಪಕ್ಕದ ಬೆಟಗೇರಿಯಲ್ಲಿ ಕೈಮಗ್ಗದ ನೇಕಾರ. ಸೀರೆ ಮುಗಿದರೆ ಕೂಲಿ, ಅಲ್ಲಿಯತನಕ ಜೋಳ ಉದ್ರಿ. ಶೆಟ್ಟರ ಅಂಗಡಿಯ ಗೋಡೆಯ ಮೇಲೆ “ಇಂದು ನಗದು, ನಾಳೆ ಉದ್ರಿ” ಎಂದು ಬರೆದಿತ್ತು. ಅದರ ಕೆಳಗೇ ಕೂತು ಶೆಟ್ಟರು ಉದ್ರಿ ಬರೆದುಕೊಳ್ಳುತ್ತಿದ್ದರು. ತೂಕ ಕಡಿಮೆ ಎಂದು ಅಜ್ಜನಿಗೆ ಗೊತ್ತಿತ್ತು. ಬಾಕಿ ಇಟ್ಟವನು ತಕ್ಕಡಿ ನೋಡಬಾರದು ಎಂದೂ ಗೊತ್ತಿತ್ತು. ರಾಚ್‌ಡೇಲಿನ ಆ 28 ಜನರೆಲ್ಲ ನೇಕಾರರಲ್ಲ, ಅವರಲ್ಲಿ ಬೇರೆ ಕಸುಬಿನವರೂ ಹಲವರಿದ್ದರು, ಮತ್ತು ಊರಿನ ತೀರಾ ಬಡವರು ಅವರಲ್ಲ. ತೀರಾ ಬಡವರ ಹೆಸರು ಆಗಲೇ ಯಾವುದೋ ಅಂಗಡಿಯ ಪುಸ್ತಕದಲ್ಲಿತ್ತು. ಹಳೆಯ ಬಾಕಿ ತೀರದೆ ಹೊಸ ಅಂಗಡಿಗೆ ನಗದು ತರುವುದು ಹೇಗೆ? ನನ್ನ ಅಜ್ಜ 1844ರಲ್ಲಿ ಅಲ್ಲಿದ್ದಿದ್ದರೆ ಬಹುಶಃ ಹೊರಗೇ ನಿಂತಿರುತ್ತಿದ್ದ.

ಲ್ಯಾಂಕಶೈರಿಗೂ ಗದಗಿಗೂ ಇರುವ ನಂಟು ನೇಕಾರಿಕೆಯೊಂದೇ ಅಲ್ಲ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಲ್ಯಾಂಕಶೈರಿಗೆ ಹತ್ತಿ ನಿಂತಿತು. ಗಿರಣಿಗಳು ಮುಚ್ಚಿದವು, ಜನ ಗಂಜಿಗೆ ಸಾಲು ನಿಂತರು. ಗಿರಣಿ ಮಾಲೀಕರ ಕಣ್ಣು ಧಾರವಾಡ ಸೀಮೆಯ ಮೇಲೆ ಬಿತ್ತು. ಅಲ್ಲಿ 1840ರ ದಶಕದಿಂದಲೇ ಅಮೆರಿಕನ್ ತಳಿಯ ಹತ್ತಿ ಬೆಳೆಸಿದ್ದರು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ, ಈ ಹತ್ತಿಯನ್ನು ಕಾರವಾರ ಬಂದರಿಗೆ ಸಾಗಿಸುವ ಅವಸರವೂ ಇತ್ತು. ಬೆಲೆ ಏರಿತು, ಸಾಹುಕಾರರು ರೈತರಿಗೆ ಕೇಳಿದಷ್ಟು ಸಾಲ ಕೊಟ್ಟರು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು. ಸಾಲ ಮಾತ್ರ ಉಳಿಯಿತು.

ಹತ್ತು ವರ್ಷದ ನಂತರ, 1875ರ ಮೇ 12ರಂದು, ಇದೇ ಪುಣೆ ಜಿಲ್ಲೆಯ ಸುಪೆ ಎಂಬ ಪೇಟೆಯಲ್ಲಿ ರೈತರು ಸಾಹುಕಾರರ ಅಂಗಡಿಗಳಿಗೆ ನುಗ್ಗಿ ಲೆಕ್ಕದ ಪುಸ್ತಕಗಳನ್ನು, ಸಾಲಪತ್ರಗಳನ್ನು ಸುಟ್ಟರು. ದಖನ್ನಿನ ದಂಗೆ ಎಂದು ಶಾಲೆಯಲ್ಲಿ ಓದಿದ್ದು ಇದನ್ನೇ. ಹೆಚ್ಚಿನ ಕಡೆ ಅವರಿಗೆ ಬೇಕಾಗಿದ್ದದ್ದು ಸಾಹುಕಾರನ ಜೀವವಲ್ಲ, ಅವನ ಪುಸ್ತಕ. ಸರಕಾರ 1879ರಲ್ಲಿ ರೈತರ ರಕ್ಷಣೆಗೆ ಕಾಯ್ದೆ ತಂದಿತು. ಸಾಕಾಗಲಿಲ್ಲ. ಮದರಾಸಿನಲ್ಲಿ ಫ್ರೆಡರಿಕ್ ನಿಕಲ್ಸನ್ 1890ರ ದಶಕದಲ್ಲಿ ಯುರೋಪಿನ ಪದ್ಧತಿಗಳನ್ನು ಅಭ್ಯಾಸ ಮಾಡಿ ವರದಿ ಕೊಟ್ಟರು. ಅವರು ತೋರಿಸಿದ್ದು ರಾಚ್‌ಡೇಲಿನ ಅಂಗಡಿಯನ್ನಲ್ಲ, ಜರ್ಮನಿಯಲ್ಲಿ ರೈಫೈಸೆನ್ ಕಟ್ಟಿದ ಹಳ್ಳಿಯ ಸಾಲ ಸಂಘಗಳನ್ನು. 1904ರಲ್ಲಿ ಬಂದ ಕಾಯ್ದೆಯ ಹೆಸರಲ್ಲೇ ಸಾಲವಿದೆ: ಸಹಕಾರಿ ಸಾಲ ಸಂಘಗಳ ಕಾಯ್ದೆ. ಮರುವರ್ಷವೇ, 1905ರ ಮೇ 8ರಂದು, ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಸಾಲದ ಸಂಘ ನೋಂದಣಿಯಾಯಿತು. ನಮ್ಮ ಕಡೆಯವರು ಏಷ್ಯಾದಲ್ಲೇ ಮೊದಲನೆಯದೆಂದು ಹೆಮ್ಮೆಯಿಂದ ಹೇಳುವ ಸಂಘ ಅದು.

ಅಂದರೆ ಇಂಗ್ಲೆಂಡಿನ ಆ ಸಹಕಾರ ಶುರುವಾದದ್ದು ಉದ್ರಿ ಬೇಡವೆಂದು, ನಮ್ಮಲ್ಲಿ ಕಾಯ್ದೆಯ ಸಹಕಾರ ಶುರುವಾದದ್ದು ಮರ್ಯಾದೆಯಿಂದ ಉದ್ರಿ ಸಿಗಲೆಂದು. ಚಳುವಳಿಯ ಹೆಸರು ಒಂದೇ ಆದ್ದರಿಂದ ಈ ವ್ಯತ್ಯಾಸ ನಮ್ಮ ಕಣ್ಣಿಗೆ ಬೀಳುವುದಿಲ್ಲ. ರಾಚ್‌ಡೇಲಿನ ದಾರಿ ಹಿಡಿದವರು ಇಲ್ಲೂ ಇದ್ದರು. ಚೆನ್ನೈಯ ಓದುಗರಿಗೆ ತಿರುವಲ್ಲಿಕ್ಕೇಣಿಯ ಅರ್ಬನ್ ಕೋಆಪರೇಟಿವ್ ಸೊಸೈಟಿ ಗೊತ್ತಿರಬಹುದು. 1904ರಲ್ಲಿ ಅದನ್ನು ಕಟ್ಟಿದವರಲ್ಲಿ, ಅಲ್ಲಿಯ ಹಿಂದೂ ಹೈಸ್ಕೂಲಿನ ಹೆಡ್‌ಮಾಸ್ಟರಾಗಿದ್ದ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳೂ ಒಬ್ಬರು. ಅದು ತಿಂಗಳ ಸಂಬಳದವರ ಬಡಾವಣೆ. ಕಿರಾಣಿ ಅಂಗಡಿಯಂಥ ಸಂಘಗಳಿಗೂ ಕಾನೂನಿನಲ್ಲಿ ಸರಿಯಾದ ಜಾಗ ಸಿಕ್ಕಿದ್ದು 1912ರ ಕಾಯ್ದೆಯಿಂದ. 1975ರಲ್ಲಿ ಹುಟ್ಟಿದ ಮುಂಬಯಿ ಗ್ರಾಹಕ ಪಂಚಾಯತಿಯದೂ ಇದೇ ಜಾಡು: ಮನೆಗಳ ಗುಂಪು, ತಿಂಗಳ ಪಟ್ಟಿ, ಒಟ್ಟಿಗೆ ಖರೀದಿ, ಸದಸ್ಯರಿಂದಲೇ ಹಂಚಿಕೆ. ನಮ್ಮ ಗುಂಪು ಇದರದೇ ಮರಿ ಎನ್ನಬಹುದು. ಇವೆಲ್ಲ ಒಂದನೇ ತಾರೀಖಿಗೆ ಸಂಬಳ ಬರುವವರಿಗೆ ಚೆನ್ನಾಗಿ ಒಗ್ಗುವ ಪದ್ಧತಿಗಳು.

ಈ ಸಂಗತಿಯನ್ನು ನಮ್ಮ ಗುಂಪಿನ ಸಭೆಯಲ್ಲಿ ಹೇಳಿದೆ. ಕೆಲಸದವರಿಗೆ, ವಾಚ್‌ಮನ್ನರಿಗೆ ಪಗಾರದ ತನಕ ಉದ್ರಿ ಕೊಡೋಣ, ಚಿಲ್ಲರೆಯಾಗಿ ಉಳಿಯುವ ಹಣವನ್ನು ಅದಕ್ಕೆ ಇಡೋಣ ಎಂದು ನನ್ನ ಸೂಚನೆ. ಬ್ಯಾಂಕಿನಲ್ಲಿ ನಿವೃತ್ತರಾದ ಹಿರಿಯರೊಬ್ಬರು, “ನೋಡ್ರಿ, ಉದ್ರಿ ಕೊಟ್ಟು ಮುಳುಗಿದ ಅಂಗಡಿ ಕಥೀನೂ ನೀವ ಹೇಳಿದ್ರಿ” ಎಂದರು. ಅವರ ಮಾತು ತಪ್ಪಲ್ಲ. ಕೊನೆಗೆ ಆರು ತಿಂಗಳ ಮಟ್ಟಿಗೆ ನೋಡೋಣವೆಂದಾಯಿತು. ಐದು ಜನ ಒಯ್ದರು, ಮೂವರು ತೀರಿಸಿದರು, ಇಬ್ಬರು ಕೆಲಸ ಬಿಟ್ಟು ಹೋದರು. ಹಿರಿಯರು ಏನೂ ಅನ್ನಲಿಲ್ಲ. ಅನ್ನದಿರುವುದೇ ಅವರ ದೊಡ್ಡತನ, ಮತ್ತು ನನಗೆ ತಕ್ಕ ಶಿಕ್ಷೆ.

ಇಂಡಿಯ ಅಕ್ಕ ಆ ಐವರಲ್ಲಿರಲಿಲ್ಲ. ಕೇಳಿದ್ದಕ್ಕೆ, “ಒಮ್ಮೆ ಇಲ್ಲ ಅನಿಸ್ಕೊಂಡ ಮ್ಯಾಲೆ ಮತ್ತ ಕೇಳೂದು ಬ್ಯಾಡ್ರಿ” ಎಂದರು. ಆಮೇಲೆ, ಕಸದ ಬುಟ್ಟಿ ಹೊರಗಿಟ್ಟು ಬಂದು, “ಅದರ ಬದ್ಲಿ ವಾರಕ್ಕ ಐವತ್ತ ರೂಪಾಯಿ ಕೊಡ್ತೀನಿ, ನನ್ನ ಹೆಸರೂ ನಿಮ್ಮ ಪಟ್ಯಾಗ ಬರಕೊಳ್ರಿ. ಮಾಲ್ ಬಂದಾಗ ಎಷ್ಟ ಕೂಡಿರ್ತದೋ ಅಷ್ಟ ಒಯ್ತೀನಿ” ಎಂದರು. ವಾರಕ್ಕೆ ಎರಡು ಪೆನ್ನಿ ಕೂಡಿಸಿದವರ ಕಥೆಯನ್ನು ನಾನು ಅವರಿಗೆ ಹೇಳಿರಲಿಲ್ಲ.

ಲ್ಯಾಪ್‌ಟಾಪ್ ತೆಗೆದು ಗುಂಪಿನ ಎಕ್ಸೆಲ್ ಹಾಳೆಯಲ್ಲಿ ಅವರ ಹೆಸರು ಸೇರಿಸಲು ಹೋದೆ. ಮೊದಲ ಕಾಲಮ್ಮು ಫ್ಲ್ಯಾಟ್ ನಂಬರು. ಅದನ್ನು ತುಂಬದೆ ಮುಂದಿನ ಕಾಲಮ್ಮಿಗೆ ಹೋಗಲು ಬಿಡದಂತೆ ಮಾಡಿದವನೂ ನಾನೇ. ಸದ್ಯಕ್ಕೆ ಅಲ್ಲಿ ‘ಇಂಡಿ’ ಎಂದು ಬರೆದಿದ್ದೇನೆ.