ಪಹಣಿಯ ಆಯುಸ್ಸು, ತಂತ್ರಾಂಶದ ಗಡುವು

ಸಿರುಗುಪ್ಪದ ಭತ್ತದ ರೈತ ಬೆಳೆಸಾಲಕ್ಕೆ ಬ್ಯಾಂಕಿನ ಮೆಟ್ಟಿಲು ಹತ್ತಿದರೆ ಅಲ್ಲಿ ಕೇಳುವ ಮುಖ್ಯ ಕಾಗದ ಪಹಣಿ. ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿದ್ದ ಪಹಣಿ ಕಂಪ್ಯೂಟರಿಗೆ ಬಂದದ್ದು ರಾಜ್ಯ ಸರ್ಕಾರದ ‘ಭೂಮಿ’ ಯೋಜನೆಯಿಂದ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕೀಕೃತವಾದವು. ಕೈಬರಹದ ಪಹಣಿಗೆ ಆಮೇಲೆ ಕಾನೂನಿನ ಮಾನ್ಯತೆ ಉಳಿಯಲಿಲ್ಲ. ಅಂದರೆ ಮರಳಿ ಹೋಗುವ ದಾರಿಯನ್ನು ಸರ್ಕಾರವೇ ಮುಚ್ಚಿತು.

ತಂತ್ರಾಂಶ ಬರೆದದ್ದು ಕೇಂದ್ರ ಸರ್ಕಾರದ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯ ಬೆಂಗಳೂರು ಘಟಕ. ಬಳಸಿದ ಸಾಮಗ್ರಿ ಆ ಕಾಲಕ್ಕೆ ಚಾಲ್ತಿಯಲ್ಲಿದ್ದದ್ದೇ: ವಿಂಡೋಸ್ ಎನ್‌ಟಿ, ವಿಷುಯಲ್ ಬೇಸಿಕ್ 6, ಎಸ್‌ಕ್ಯೂಎಲ್ ಸರ್ವರ್ 7. ಮೂರೂ ಮೈಕ್ರೋಸಾಫ್ಟ್‌ನವು, ಮೂರಕ್ಕೂ ಬೆಂಬಲ, ಅಂದರೆ ದೋಷ ತಿದ್ದಿಕೊಡುವ ಕೆಲಸ, ನಿಲ್ಲಿಸುವ ಗಡುವನ್ನು ಅದು ಬರೆದಿತ್ತು. ಎನ್‌ಟಿ ಸರ್ವರ್‌ನ ಬೆಂಬಲ 2004ರ ಕೊನೆಗೆ ನಿಂತಿತು. ವಿಷುಯಲ್ ಬೇಸಿಕ್‌ನ ಮುಖ್ಯ ಬೆಂಬಲ 2005ರ ಮಾರ್ಚ್‌ಗೆ, ವಿಸ್ತೃತ ಬೆಂಬಲ 2008ರ ಏಪ್ರಿಲ್‌ಗೆ ಮುಗಿದವು. ಎಸ್‌ಕ್ಯೂಎಲ್ ಸರ್ವರ್ 7ರ ಸರದಿ 2011ರ ಜನವರಿಯಲ್ಲಿ ಬಂತು. ಹೊಲದ ದಾಖಲೆ ಮೊಮ್ಮಕ್ಕಳ ಕಾಲಕ್ಕೂ ಬೇಕು. ಅದನ್ನು ಹೊತ್ತ ವೇದಿಕೆಗೆ ಹೆಚ್ಚೆಂದರೆ ಹನ್ನೆರಡು ವರ್ಷ.

ವಿಷುಯಲ್ ಬೇಸಿಕ್‌ನ ಕಥೆ ಇನ್ನೂ ವಿಚಿತ್ರ. 2005ರಲ್ಲಿ ಇನ್ನೂರಕ್ಕೂ ಹೆಚ್ಚು ಎಂವಿಪಿಗಳು, ಅಂದರೆ ಕಂಪನಿಯೇ ಬಿರುದು ಕೊಟ್ಟು ಮನ್ನಿಸಿದ್ದ ಪರಿಣತರು, ಈ ಭಾಷೆಯನ್ನು ಕೈಬಿಡಬೇಡಿ ಎಂದು ಮನವಿಗೆ ಸಹಿ ಹಾಕಿದರು. ಕಂಪನಿ ಜಗ್ಗಲಿಲ್ಲ. ಆದರೆ ಅದರಲ್ಲಿ ಬರೆದ ಪ್ರೋಗ್ರಾಂಗಳು ವಿಂಡೋಸ್ 11ರಲ್ಲೂ ಓಡುತ್ತವೆ. ಹಾಗೆ ಓಡಿಸುವ ಭಾಗಕ್ಕೆ ಬೆಂಬಲವಿದೆ, ಅವನ್ನು ತಿದ್ದುವ ಸಲಕರಣೆಗೆ ಇಲ್ಲ.

ಗಡುವು ಮುಗಿದ ಮೇಲೆ ಹಣ ಕೊಟ್ಟು ಕೊಳ್ಳುವ ಬೆಂಬಲದ ಮಿತಿಯೂ ಇಲ್ಲೇ ಇದೆ. ಅದು ಕೊಡುವುದು ಭದ್ರತೆಯ ತೇಪೆ ಮಾತ್ರ. 2014ರಲ್ಲಿ ಬ್ರಿಟನ್ ಸರ್ಕಾರ ವಿಂಡೋಸ್ ಎಕ್ಸ್‌ಪಿಗಾಗಿ ಒಂದು ವರ್ಷಕ್ಕೆ 55 ಲಕ್ಷ ಪೌಂಡ್ ತೆತ್ತಿತು. 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದ ವಿಂಡೋಸ್ 10ಕ್ಕೆ ಸಂಸ್ಥೆಗಳಿಗೆ ಘೋಷಿಸಿದ ದರ ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್, ಮುಂದೆ 122, ಆಮೇಲೆ 244. ಎರಡನೇ ವರ್ಷ ಸೇರಿಕೊಳ್ಳುವವರು ಮೊದಲ ವರ್ಷದ ಬಾಕಿಯನ್ನೂ ಕಟ್ಟಬೇಕು. ಬಡ್ಡಿ ವ್ಯಾಪಾರಿಯೂ ಇಷ್ಟು ನೇರವಾಗಿ ಹೇಳಲಾರ! ಹಳೆಯದರಲ್ಲೇ ಉಳಿಯುವುದನ್ನು ದುಬಾರಿ ಮಾಡುವುದೇ ಈ ದರಪಟ್ಟಿಯ ಉದ್ದೇಶ.

ಆದರೆ ಭೂದಾಖಲೆಗೆ ಭದ್ರತೆಯೊಂದೇ ಸಾಲದು. ಸಿರುಗುಪ್ಪ ಇರುವ ಬಳ್ಳಾರಿ ಜಿಲ್ಲೆಯಲ್ಲಿ ಬದಲಾದದ್ದು ನಕ್ಷೆಯೇ. ಬಳ್ಳಾರಿ ತಾಲ್ಲೂಕಿನಲ್ಲಿದ್ದ ಕುರುಗೋಡು, 2017ರ ರಾಜ್ಯ ಬಜೆಟ್ ಘೋಷಿಸಿದ 49 ಹೊಸ ತಾಲ್ಲೂಕುಗಳಲ್ಲಿ ಒಂದಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿ, ಬಳ್ಳಾರಿಗೆ ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ, ಸಂಡೂರು ಉಳಿದವು. ತಾಲ್ಲೂಕು ಹುಟ್ಟಿದರೆ ಹಳ್ಳಿಗಳ ಪಟ್ಟಿ, ಸಂಕೇತಸಂಖ್ಯೆ, ತಹಶೀಲ್ದಾರರ ಅಧಿಕಾರದ ವ್ಯಾಪ್ತಿ ಎಲ್ಲವೂ ದಾಖಲೆಯಲ್ಲಿ ಬದಲಾಗಬೇಕು. ಭದ್ರತೆಯ ತೇಪೆ ಕಳ್ಳನನ್ನು ಹೊರಗಿಟ್ಟೀತು. ಕುರುಗೋಡನ್ನು ಒಳಗೆ ಸೇರಿಸದು. ಆ ಕೆಲಸಕ್ಕೆ ತಂತ್ರಾಂಶದ ಒಳಗನ್ನು ಬಲ್ಲವರು ಬೇಕು.

‘ಭೂಮಿ’ಯ ಅದೃಷ್ಟ ಈ ವಿಷಯದಲ್ಲಿ ಚೆನ್ನಾಗಿತ್ತು. ಸಲಕರಣೆ ಪರರದಾದರೂ ಬರೆದವರು ಸರ್ಕಾರದ್ದೇ ಸಂಸ್ಥೆಯವರು. ಮೊದಲು ತಾಲ್ಲೂಕು ಕಚೇರಿಯ ಸರ್ವರ್‌ಗಳಲ್ಲಿ ಹಂಚಿಹೋಗಿದ್ದ ದತ್ತಾಂಶವನ್ನು ಆಮೇಲೆ ರಾಜ್ಯ ಡೇಟಾ ಸೆಂಟರ್‌ಗೆ ಒಟ್ಟುಗೂಡಿಸಿ, ಯೋಜನೆಯನ್ನು ಆನ್‌ಲೈನ್ ಮಾಡಲಾಯಿತು. ಹೊರಗಿನ ಗುತ್ತಿಗೆದಾರರಿಂದ ತಂತ್ರಾಂಶ ಕೊಳ್ಳುವ ಕಚೇರಿಗೆ ಈ ಅನುಕೂಲ ತಾನಾಗಿ ಒದಗುವುದಿಲ್ಲ. ಮೂಲಸಂಕೇತ ಯಾರ ಕೈಯಲ್ಲಿರಬೇಕು, ವೇದಿಕೆಯ ಗಡುವು ಮುಗಿದಾಗ ಹೊಸದಕ್ಕೆ ಸಾಗಿಸುವ ಖರ್ಚು ಯಾರದು ಎಂಬ ಎರಡು ಷರತ್ತುಗಳನ್ನು ಟೆಂಡರ್ ಕರೆಯುವಾಗಲೇ ಬರೆಸಿಕೊಳ್ಳಬೇಕಾಗುತ್ತದೆ.